ಮತ್ತೆ ಅದೇ ಮನೆಗೆ ಹೋಗಿ: ಧರ್ಮಕೇಂದ್ರದಲ್ಲಿ ಯುವಬಳಗ ನಡೆಸುವ ಬಗೆ

ಹೋದ ತಿಂಗಳು ಹುಣಸೂರು ಕಡೆಯಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. "ಅಕ್ಕಾ, ನಮ್ಮ ಫಾದರ್ ಯೂತ್ ಶುರು ಮಾಡ್ರಪ್ಪಾ ಅಂದಿದ್ದಾರೆ. ಹದಿನಾಲ್ಕು ಜನ ಇದ್ದೀವಿ. ಮೊದಲು ಎಲ್ಲರಿಗೂ ಒಂದೇ ಥರ ಟೀ ಶರ್ಟ್ ಮಾಡಿಸೋಣ ಅಂತಿದ್ದೀವಿ. ನಿಮ್ಮ ಅಂಗಡಿಯಲ್ಲಿ ಮಾಡಿಸಿಕೊಡ್ತೀರಾ?" ನನ್ನದು ಟೈಲರಿಂಗ್ ಅಂಗಡಿ. ಬಂದ ಆರ್ಡರ್ ಬೇಡ ಅನ್ನುವ ಪೈಕಿ ನಾನಲ್ಲ. ಆದರೂ ಹೇಳಿದೆ, ಟೀ ಶರ್ಟ್ ಮುಂದಿನ ವರ್ಷಕ್ಕಿರಲಿ, ಈಗ ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ ಅಂತ. ಆಮೇಲೆ ಮುಕ್ಕಾಲು ಗಂಟೆ ಮಾತಾಡಿದೆವು. ಅವತ್ತು ಹೇಳಿದ್ದನ್ನೂ ಹೇಳಲು ಮರೆತದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೆ.ಆರ್. ನಗರದ ಕಡೆಯವಳು. ಮೈಸೂರು ಬಿಷಪ್ಪರ ಧರ್ಮಕ್ಷೇತ್ರದ ಒಂದು ಸಣ್ಣ ಧರ್ಮಕೇಂದ್ರ ನಮ್ಮದು, ಒಂದು ಕಥೋಲಿಕ ಚರ್ಚು, ಅದಕ್ಕೆ ಸೇರಿದ ಹೆಚ್ಚುಕಡಿಮೆ ನೂರಿಪ್ಪತ್ತು ಮನೆ. ಜೂನ್ 13ರ ಹಬ್ಬಕ್ಕೆ ದೋರನಹಳ್ಳಿಯ ಸಂತ ಅಂತೋಣಿಯವರ ಬಸಿಲಿಕಕ್ಕೆ ಬೆಳಗಿನ ಜಾವ ಹೊರಟು ನಡೆದೇ ಹೋಗುತ್ತೇವೆ. ಹನ್ನೊಂದು ವರ್ಷದಿಂದ ಯುವಬಳಗದ ಜೊತೆ ಇದ್ದೇನೆ. ಶುರುವಿನಲ್ಲಿ ನಾವೂ ಎಲ್ಲರ ಹಾಗೆ ಕಾರ್ಯಕ್ರಮದ ಮೇಲೆ ಕಾರ್ಯಕ್ರಮ ಮಾಡಿದೆವು. ಬ್ಯಾನರ್, ಮೈಕು, ಮುಖ್ಯ ಅತಿಥಿ, ಹಣ್ಣು ಹಂಚುವುದು. ವರ್ಷದ ಕೊನೆಗೆ ಹಿಂತಿರುಗಿ ನೋಡಿದರೆ ನಾವು ಹಣ್ಣು ಕೊಟ್ಟ ಒಬ್ಬರ ಹೆಸರೂ ನಮಗೆ ಗೊತ್ತಿರಲಿಲ್ಲ. ಆಗಿನಿಂದ ಒಂದು ಮಾತು ಹಿಡಿದುಕೊಂಡಿದ್ದೇವೆ. ಹೊಸ ಮನೆ ಹುಡುಕುವುದಕ್ಕಿಂತ, ಹೋದ ಮನೆಗೆ ಮತ್ತೆ ಹೋಗುವುದು.

ಮೊದಲು ಹೆಸರು ಬರೆಯಿರಿ

ನೋಟ್‌ಬುಕ್ಕಿನ ಮೊದಲ ಹತ್ತು ಪುಟ ನಿಮ್ಮವರಿಗೇ. ಧರ್ಮಕೇಂದ್ರದಲ್ಲಿ ಹದಿನಾರು ದಾಟಿದ, ಮೂವತ್ತರ ಒಳಗಿನ ಎಲ್ಲರ ಹೆಸರು ಬರೆಯಿರಿ. ಪೂಜೆಗೆ ಬರುವವರು ಮಾತ್ರ ಅಲ್ಲ, ಎಲ್ಲರೂ. ಯಾರು ಎಲ್ಲಿ ಓದುತ್ತಾರೆ, ಎಲ್ಲಿ ಕೆಲಸ, ಯಾವ ವಾರ ಊರಿಗೆ ಬರುತ್ತಾರೆ, ಏನು ಬರುತ್ತದೆ. ಏನು ಬರುತ್ತದೆ ಅಂದರೆ ಡ್ರೈವಿಂಗ್, ವೈರಿಂಗ್, ಗಿಟಾರ್, ಅಡುಗೆ, ಅರ್ಜಿ ಬರೆಯುವುದು, ಯಾವುದಾದರೂ ಸರಿ. ನಮ್ಮಲ್ಲಿ ಮೊದಲ ಸಲ 43 ಹೆಸರು ಸಿಕ್ಕಿತು. ಅದರಲ್ಲಿ 22 ಜನ ಊರಲ್ಲೇ ಇರುತ್ತಿರಲಿಲ್ಲ. ಮೈಸೂರಿನಲ್ಲಿ ಗಾರ್ಮೆಂಟ್ಸ್, ಬೆಂಗಳೂರಿನಲ್ಲಿ ಡೆಲಿವರಿ ಕೆಲಸ, ಮಂಗಳೂರಿನಲ್ಲಿ ನರ್ಸಿಂಗ್ ಓದುವ ನಾಲ್ಕು ಹುಡುಗಿಯರು. ಇದು ಗೊತ್ತಾದ ಮೇಲೆ ಪ್ರತಿ ಭಾನುವಾರ ಸಭೆ ಅನ್ನುವುದನ್ನು ಬಿಟ್ಟೆವು. ತಿಂಗಳ ಎರಡನೇ ಭಾನುವಾರ, ಎರಡನೇ ಪೂಜೆ ಮುಗಿದ ಕೂಡಲೇ, ಮುಕ್ಕಾಲು ಗಂಟೆ. ಅದೇ ದಿನ, ಅದೇ ಹೊತ್ತು. ಎರಡನೇ ಶನಿವಾರ ರಜೆ ಇರುವುದರಿಂದ ಹೊರಗಿನವರೂ ಆ ವಾರ ಬಂದಿರುತ್ತಾರೆ.

ಪಟ್ಟಿ ಹಿಡಿದುಕೊಂಡು ಮನೆಮನೆಗೆ ನೀವೇ ಹೋಗಿ. ಪೂಜೆ ಕೊನೆಯಲ್ಲಿ "ಯುವಜನರೆಲ್ಲ ಸಭಾಂಗಣಕ್ಕೆ ಬರಬೇಕು" ಅಂತ ಪ್ರಕಟಣೆ ಕೊಟ್ಟರೆ ಬರುವವರು ಹೇಗೂ ಬರುತ್ತಿದ್ದವರೇ. ಐಟಿಐ ಓದುತ್ತಿದ್ದ ಒಬ್ಬ ಹುಡುಗ ಎರಡು ವರ್ಷದಿಂದ ಚರ್ಚಿನ ಒಳಗೆ ಕಾಲಿಟ್ಟಿರಲಿಲ್ಲ. ಅವನ ಮನೆಗೆ ಹೋಗಿ "ಅಜ್ಜಿಯೊಬ್ಬರ ಮನೆ ಸ್ವಿಚ್ ಬೋರ್ಡು ಸುಟ್ಟುಹೋಗಿದೆ, ಬಂದು ನೋಡ್ತೀಯಾ" ಅಂದೆ. ಬಂದ. ಪೂಜೆಗೆ ಬಾ ಅಂತ ನಾನು ಒಂದು ಮಾತೂ ಹೇಳಲಿಲ್ಲ. ಈಗ ಅವನೇ ಶುಭ ಶುಕ್ರವಾರದ ಶಿಲುಬೆ ಹಾದಿಗೆ ಸೌಂಡ್ ಹಾಕುವವನು.

ಗುರುಗಳಿಗೆ, ಅಂದರೆ ಫಾದರ್‌ಗೆ, ಮತ್ತು ಚರ್ಚಿನ ಪಾಲನಾ ಸಮಿತಿಗೆ ಮೊದಲೇ ತಿಳಿಸಿ. ಒಂದೇ ಹಾಳೆಯಲ್ಲಿ ಬರೆದುಕೊಡಿ: ಯಾವಾಗ ಸೇರುತ್ತೇವೆ, ಏನು ಮಾಡುತ್ತೇವೆ, ಜವಾಬ್ದಾರಿ ಯಾರದು. ಗುರುಗಳು ವರ್ಗವಾಗಿ ಹೋಗುತ್ತಾರೆ. ಹಾಳೆ ಇದ್ದರೆ ಹೊಸಬರಿಗೆ ಮೊದಲಿಂದ ಹೇಳುವ ಕಷ್ಟ ಇರುವುದಿಲ್ಲ.

ಸಭೆಯಲ್ಲಿ ಏನು ಮಾಡುವುದು

ಬೆಲ್ಜಿಯಂನಲ್ಲಿ ಜೋಸೆಫ್ ಕಾರ್ಡಿನ್ ಅಂತ ಒಬ್ಬ ಗುರುಗಳಿದ್ದರು. ಫ್ಯಾಕ್ಟರಿಗಳಲ್ಲಿ ದುಡಿಯುವ ಹುಡುಗ ಹುಡುಗಿಯರ ಜೊತೆ ಕೆಲಸ ಮಾಡಿದವರು. ಅವರು ಕಲಿಸಿದ್ದು ಮೂರು ಹೆಜ್ಜೆ: ನೋಡು, ವಿಚಾರ ಮಾಡು, ಕೈ ಹಾಕು. 1961ರಲ್ಲಿ ಪೋಪ್ 23ನೇ ಜಾನ್ ಇಡೀ ಧರ್ಮಸಭೆಗೆ ಬರೆದ ತಮ್ಮ ವಿಶ್ವಪತ್ರದಲ್ಲೂ ಇದೇ ದಾರಿಯನ್ನು ಎತ್ತಿ ಹೇಳಿದರು. ನಮ್ಮ ಮುಕ್ಕಾಲು ಗಂಟೆ ಇದರ ಮೇಲೆಯೇ ನಡೆಯುತ್ತದೆ. ಮುಂದಿನ ಭಾನುವಾರದ ಪೂಜೆಯಲ್ಲಿ ಓದುವ ಶುಭಸಂದೇಶದ ಭಾಗವನ್ನು ಒಬ್ಬರು ಓದುತ್ತಾರೆ. ಎರಡು ನಿಮಿಷ ಮೌನ. ಆಮೇಲೆ ಒಂದೇ ಪ್ರಶ್ನೆ: ಈ ತಿಂಗಳು ನಿಮ್ಮ ಬೀದಿಯಲ್ಲಿ ಏನು ಕಂಡಿರಿ?

ದೇಶದ ಸಮಸ್ಯೆ ಬೇಡ. ನಿಮ್ಮ ಬೀದಿ ಸಾಕು. 2022ರಲ್ಲಿ ಹೀಗೇ ಒಂದು ಸಭೆಯಲ್ಲಿ ಪಿಯುಸಿ ಓದುತ್ತಿದ್ದ ಹುಡುಗಿಯೊಬ್ಬಳು, "ನಮ್ಮ ಹಿಂದಿನ ಬೀದಿ ಅಜ್ಜಿ ಈ ತಿಂಗಳು ಅಂಗಡಿಗೇ ಬಂದಿಲ್ಲ. ಮುಂಚೆ ಪ್ರತಿ ವಾರ ಎಲೆ ಅಡಿಕೆಗೆ ಬರೋರು" ಅಂದಳು. ಅಷ್ಟೇ. ಬೇರೆ ಸಭೆಯಾಗಿದ್ದರೆ ಆ ಮಾತು ಅಲ್ಲಿಗೇ ಬಿದ್ದುಹೋಗುತ್ತಿತ್ತು. ಯಾಕೆ ಬರುತ್ತಿಲ್ಲ ಅಂತ ಹತ್ತು ನಿಮಿಷ ಮಾತಾಡಿದೆವು. ಕಾಲು ನೋವಿರಬಹುದು, ಮಗ ಕರೆದುಕೊಂಡು ಹೋಗಿರಬಹುದು, ದುಡ್ಡಿಲ್ಲದಿರಬಹುದು. ಸರಿ, ಇಬ್ಬರು ಇವತ್ತೇ ಹೋಗಿ ನೋಡಿ ಬನ್ನಿ ಅಂತ ತೀರ್ಮಾನವಾಯಿತು.

ದುಡ್ಡೇ ಇರಲಿಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿ, ತಿಂಗಳಿಗೆ 1,200 ರೂಪಾಯಿ, ನಾಲ್ಕು ತಿಂಗಳಿಂದ ಬಂದಿರಲಿಲ್ಲ. ಅಜ್ಜಿಗೆ ಕಾರಣ ಗೊತ್ತಿಲ್ಲ. ಕೇಳಿದ ಕಡೆಯೆಲ್ಲ "ನಾಳೆ ಬಾ" ಅಂದಿದ್ದರಂತೆ. ನಮ್ಮಿಬ್ಬರು ಆಧಾರ್, ಪಾಸ್‌ಬುಕ್ ಎರಡೂ ತೆಗೆದುಕೊಂಡು ಅಜ್ಜಿಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋದರು. ಬ್ಯಾಂಕಿಗೆ ಮೂರು ಸಲ, ನಾಡಕಚೇರಿಗೆ ಎರಡು ಸಲ. ಖಾತೆಗೆ ಆಧಾರ್ ಜೋಡಣೆ ತಪ್ಪಿಹೋಗಿತ್ತು. ಅಜ್ಜಿಯ ಬೆರಳಿನ ಗುರುತು ಮೆಷಿನ್ನಿಗೆ ಸಿಗುತ್ತಿರಲಿಲ್ಲ. ನಲವತ್ತು ವರ್ಷ ನಾಟಿ, ಕಳೆ ಅಂತ ಕೆಸರಲ್ಲಿ ಸವೆದ ಬೆರಳು. ಕೊನೆಗೆ ಕಣ್ಣಿನ ಸ್ಕ್ಯಾನ್ ಮಾಡಿಸಿ ಸರಿ ಮಾಡಿಸಿದರು. ಎರಡೂವರೆ ತಿಂಗಳು ಹಿಡಿಯಿತು. ಸಮಾಜಸೇವೆ ಅಂದರೇನು ಅಂತ ಆ ಇಬ್ಬರಿಗೆ ನಾನು ಆಮೇಲೆ ಯಾವತ್ತೂ ಪಾಠ ಹೇಳಬೇಕಾಗಲಿಲ್ಲ.

ಆ ಮೊದಲ ದಿನ ಅಜ್ಜಿ ಕೇಳಿದ ಒಂದು ಮಾತು ನೋಟ್‌ಬುಕ್ಕಿನಲ್ಲಿದೆ. "ಕೊರೋನಾದಾಗಲೂ ಯಾರೋ ಬಂದು ಕಿಟ್ ಕೊಟ್ಟು ಫೋಟೋ ತಗೊಂಡು ಹೋದ್ರು. ನೀವು ಮತ್ತೆ ಬರ್ತೀರಾ?"

ಮನೆ ಭೇಟಿಗೆ ನಮ್ಮ ಕಟ್ಟುಪಾಡು

ಇಬ್ಬಿಬ್ಬರಾಗಿ ಹೋಗಿ. ಯೇಸುಸ್ವಾಮಿ ಶಿಷ್ಯರನ್ನು ಕಳಿಸಿದ್ದೂ ಹಾಗೇ ಅಲ್ವಾ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಝನಾಂ ಅನ್ನುವ ಇಪ್ಪತ್ತು ವರ್ಷದ ವಿದ್ಯಾರ್ಥಿ ಕೆಲವು ಗೆಳೆಯರ ಜೊತೆ ಶುರು ಮಾಡಿದ್ದೇ ಇವತ್ತಿನ ವಿನ್ಸೆಂಟ್ ದೆ ಪೌಲ್ ಸಭೆ. ಬಡವರ ಮನೆಗೆ ಹೇಗೆ ಹೋಗಬೇಕು ಅಂತ ಅವರಿಗೆ ಕಲಿಸಿದವರು ರೊಜಾಲಿ ರಾಂಡ್ಯು ಅನ್ನುವ ಸಿಸ್ಟರ್. ನಿಮ್ಮ ಧರ್ಮಕೇಂದ್ರದಲ್ಲಿ ಆ ಸಭೆಯ ಹಿರಿಯರು ಇದ್ದರೆ ಮೊದಲ ಮೂರು ತಿಂಗಳು ಅವರ ಜೊತೆಯೇ ಹೋಗಿ. ನಮಗೆ ಕಲಿಸಿದ್ದು ಒಬ್ಬ ನಿವೃತ್ತ ಮೇಷ್ಟ್ರು. ಅವರು ಯಾರ ಮನೆಗೆ ಹೋದರೂ ಚಪ್ಪಲಿ ಹೊರಗೆ ಬಿಟ್ಟು, ನೆಲದ ಮೇಲಾದರೂ ಸರಿ, ಮೊದಲು ಕೂರುತ್ತಿದ್ದರು. ನಿಂತುಕೊಂಡು ಮಾತಾಡಿದರೆ ವಸೂಲಿಗೆ ಬಂದವರ ಹಾಗೆ ಕಾಣ್ತೀವಿ ಅನ್ನೋರು.

ಒಂದು ಜೋಡಿಗೆ ಎರಡೇ ಮನೆ. ಜಾಸ್ತಿ ಬೇಡ. ಹದಿನೈದು ದಿನಕ್ಕೊಮ್ಮೆ, ಹೇಳಿದ ದಿನವೇ. ಬರಲು ಆಗದಿದ್ದರೆ ಮುಂಚೆಯೇ ತಿಳಿಸಬೇಕು, ಯಾಕೆಂದರೆ ಹಾಸಿಗೆ ಹಿಡಿದವರು ಆ ದಿನ ಬೆಳಗ್ಗೆಯಿಂದ ಬಾಗಿಲ ಕಡೆ ನೋಡುತ್ತಾ ಇರುತ್ತಾರೆ. ಕಾಫಿ ಕೊಟ್ಟರೆ ಕುಡಿಯಿರಿ. ಬೇಡ ಅಂದರೆ ನೋವಾಗುತ್ತದೆ. ಅವರೆದುರು ನೋಟ್‌ಬುಕ್ ತೆಗೆಯಬೇಡಿ, ಹೊರಗೆ ಬಂದ ಮೇಲೆ ಬರೆಯಿರಿ. ಆಸ್ಪತ್ರೆ ಖರ್ಚು ನೋಡಿಕೊಳ್ತೀವಿ ಅನ್ನುವಂಥ ಮಾತು ಬಾಯಿಂದ ಬರಲೇಬಾರದು. "ಕೇಳಿಕೊಂಡು ಬರ್ತೀವಿ" ಅನ್ನಿ, ಆಮೇಲೆ ನಿಜವಾಗಿ ಕೇಳಿಕೊಂಡು ಹೋಗಿ. ಫೋಟೋ ಇಲ್ಲ. ಇದರಲ್ಲಿ ನಾನು ಸಡಿಲ ಬಿಡುವುದಿಲ್ಲ. ಧರ್ಮಕ್ಷೇತ್ರಕ್ಕೆ ವರದಿ ಕಳಿಸಲು ಫೋಟೋ ಬೇಕು ಅಂದರೆ ನಾವು ಸಭೆ ಸೇರಿದ್ದನ್ನು ತೆಗೆದು ಕಳಿಸುತ್ತೇವೆ. ಕೈಚಾಚಿದವರ ಮುಖ ವಾಟ್ಸಾಪ್‌ನಲ್ಲಿ ಸುತ್ತಬಾರದು. ಅವರಿಗೂ ಮೊಮ್ಮಕ್ಕಳಿದ್ದಾರೆ.

ಇನ್ನೊಂದು ಮಾತು. ನಾವು ಹೋಗುವ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕ್ರೈಸ್ತರದ್ದಲ್ಲ. ಅಲ್ಲಿಗೆ ಕರಪತ್ರ ಒಯ್ಯುವುದಿಲ್ಲ, ಪ್ರಾರ್ಥನೆ ಮಾಡ್ತೀವಿ ಅಂತ ನಾವಾಗಿ ಶುರು ಮಾಡುವುದಿಲ್ಲ. ಹೆದರಿಕೆಯಿಂದ ಅಲ್ಲ. ಪೋಪ್ 16ನೇ ಬೆನೆಡಿಕ್ಟ್ 2005ರ ತಮ್ಮ ವಿಶ್ವಪತ್ರದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ, ಪ್ರೀತಿ ಪುಕ್ಕಟೆ, ಅದನ್ನು ಮತಕ್ಕೆ ಸೆಳೆಯುವ ಸಾಧನ ಮಾಡಿಕೊಳ್ಳಬಾರದು ಅಂತ. ಯಾರ ಕಡೆಯವರು ಅಂತ ಕೇಳಿದರೆ "ಚರ್ಚಿನ ಹುಡುಗರು" ಅನ್ನುತ್ತೇವೆ. ಅದನ್ನು ಮುಚ್ಚಿಡುವುದೂ ಇಲ್ಲ.

ತಪಸ್ಸುಕಾಲದ ಹಿಡಿ ಅಕ್ಕಿ

ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ಮಾಡಲು ಸುಲಭವಾದದ್ದು ಇದು. ಪ್ರತಿ ಮನೆಗೂ ಒಂದು ಬಟ್ಟೆ ಚೀಲ. ಅಂಗಡಿಯಲ್ಲಿ ಉಳಿದ ತುಂಡು ಬಟ್ಟೆಯಲ್ಲಿ ನಾನೇ ಹೊಲಿದು ಕೊಡುತ್ತೇನೆ. ದಿನಾ ಅನ್ನಕ್ಕಿಡುವಾಗ ಅಳೆದ ಅಕ್ಕಿಯಿಂದ ಒಂದು ಹಿಡಿ ಚೀಲಕ್ಕೆ. ಹೆಚ್ಚಿಗೆ ತೆಗೆದು ಹಾಕುವುದಲ್ಲ, ನಮ್ಮ ಪಾಲಿನಿಂದ ತೆಗೆಯುವುದು. ಅದೇ ಉಪವಾಸ. ಹಿಡಿಗೆ 50 ಗ್ರಾಂ ಅಂದುಕೊಂಡರೂ 40 ದಿನಕ್ಕೆ ಎರಡು ಕಿಲೋ. ಎಂಬತ್ತು ಮನೆ ಸೇರಿದರೆ 160 ಕಿಲೋ.

ಮೊದಲ ವರ್ಷ ಎಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿದೆವು. ನಮ್ಮ ಕಡೆ ಭತ್ತ ಬೆಳೆಯುವ ಊರು. ಒಬ್ಬರ ಮನೆಯಲ್ಲಿ ಹಳೆ ಅಕ್ಕಿ, ಇನ್ನೊಬ್ಬರದು ಹೊಸ ಅಕ್ಕಿ, ಮತ್ತೊಬ್ಬರದು ರೇಷನ್ ಅಕ್ಕಿ, ಎರಡು ಮನೆಯದು ಕುಸುಬಲಕ್ಕಿ. ಎಲ್ಲ ಬೆರೆಸಿ ಹಂಚಿದ್ದು. ಮುಂದಿನ ವಾರ ಒಬ್ಬ ಅಮ್ಮ ಹುಡುಗರನ್ನು ಒಳಗೆ ಕರೆದು ಪಾತ್ರೆ ಮುಚ್ಚಳ ತೆಗೆದು ತೋರಿಸಿದರು. ಅರ್ಧ ಅಕ್ಕಿ ಗಂಜಿಯಾಗಿದೆ, ಅರ್ಧ ಹಾಗೇ ಗಟ್ಟಿ ಇದೆ. ಅವರು ಬೈಯಲಿಲ್ಲ. "ಒಂದೊಂದು ಅಕ್ಕಿಗೆ ಒಂದೊಂದು ನೀರು ಕಣಪ್ಪಾ" ಅಂದರು. ಆ ಪಾತ್ರೆ ನೋಡಿದಾಗ ನನಗೆ ಬಹಳ ನೋವಾಯಿತು. ನಮ್ಮ ಮನೆಗೆ ಯಾರಾದರೂ ಹಾಗೆ ಬೆರೆಸಿ ಕೊಟ್ಟಿದ್ದರೆ ತಿನ್ನುತ್ತಿದ್ದೆವಾ? ಈಗ ಚೀಲದ ಮೇಲೆ ಚೀಟಿ ಹೊಲಿದಿರುತ್ತದೆ: ಹಳೆಯದು, ಹೊಸದು, ಕುಸುಬಲು, ರೇಷನ್. ನಾಲ್ಕು ಡ್ರಮ್ಮು. ಹಂಚುವ ಮುಂಚೆ ಹುಡುಗರೇ ಒಂದು ಪಾವು ಬೇಯಿಸಿ ಉಂಡು ನೋಡುತ್ತಾರೆ.

ರಕ್ತದಾನ

ಇದರಲ್ಲಿ ತಪ್ಪು ಮಾಡಿದ್ದು ನಾನೇ, ಹಾಗಾಗಿ ವಿವರವಾಗಿ ಹೇಳುತ್ತೇನೆ. ಮೂರನೇ ವರ್ಷ ತಪಸ್ಸುಕಾಲದ ಒಂದು ಶುಕ್ರವಾರ ಶಿಬಿರ ಇಟ್ಟೆ. ಯೇಸುಸ್ವಾಮಿ ರಕ್ತ ಸುರಿಸಿದ್ದನ್ನು ನೆನೆಯುವ ದಿನ ನಾವೂ ರಕ್ತ ಕೊಡೋಣ ಅನ್ನುವ ಭಾವನೆ. ಚೆನ್ನಾಗಿತ್ತು, ಆದರೆ ಅವತ್ತು ನಮ್ಮ ಹುಡುಗರಲ್ಲಿ ಎಷ್ಟೋ ಜನ ಉಪವಾಸ. ಬೆಳಗ್ಗೆಯಿಂದ ಬರೀ ನೀರು. ಕೇಳಿದಾಗ ತಿಂದಿದ್ದೇವೆ ಅಂತ ಇಬ್ಬರು ಸುಮ್ನೆ ಹೇಳಿಬಿಟ್ಟಿದ್ದಾರೆ. ಒಬ್ಬ ಹುಡುಗ ರಕ್ತ ಕೊಟ್ಟು ಎದ್ದು ಹೊರಗೆ ಬಂದವನು ಚರ್ಚಿನ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಬಿದ್ದ. ಗದ್ದ ಸೀಳಿ ಎರಡು ಹೊಲಿಗೆ ಹಾಕಿಸಬೇಕಾಯಿತು. ಅವನ ಅಮ್ಮನ ಮುಂದೆ ನಿಂತು ಏನು ಹೇಳಬೇಕೋ ನನಗೆ ತೋಚಲಿಲ್ಲ. ಉಪವಾಸ ಇದ್ದವರಿಂದ ರಕ್ತ ತೆಗೆಯಬಾರದು. ಆದ್ದರಿಂದ ಶುಕ್ರವಾರ ಬೇಡ, ತಪಸ್ಸುಕಾಲವೂ ಬೇಡ. ಈಸ್ಟರ್ ಆದ ಮೇಲೆ ಇಡಿ. ಬೇಸಿಗೆ ರಜೆಯಲ್ಲಿ ಕಾಲೇಜುಗಳಲ್ಲಿ ಶಿಬಿರ ಇರುವುದಿಲ್ಲ, ಆದರೆ ಆಸ್ಪತ್ರೆಗಳಿಗೆ ರಕ್ತ ಬೇಕೇ ಬೇಕು. ಏಪ್ರಿಲ್, ಮೇ ಸರಿಯಾದ ಸಮಯ. ಬೆಳಗ್ಗೆ ಎಂಟಕ್ಕೆ ಇಡ್ಲಿ ನೀವೇ ಮಾಡಿ ಹಾಕಿ, ಕಣ್ಣೆದುರು ತಿನ್ನಿಸಿ. ಕೊಟ್ಟ ಮೇಲೆ ಕಾಲು ಗಂಟೆಯಾದರೂ ಮಲಗಿ, ಕೂತು, ಜ್ಯೂಸ್ ಕುಡಿದು ಏಳಬೇಕು. ಬಾಗಿಲ ಹತ್ತಿರ ಒಬ್ಬರನ್ನು ಇದಕ್ಕೇ ನಿಲ್ಲಿಸಿ.

ಹೆಸರು ಬರೆದುಕೊಳ್ಳುವಾಗಲೇ ಕೇಳಬೇಕಾದದ್ದು: ವಯಸ್ಸು 18 ತುಂಬಿರಬೇಕು, 65ರ ಒಳಗಿರಬೇಕು. ತೂಕ 45 ಕಿಲೋಗಿಂತ ಕಡಿಮೆ ಇರಬಾರದು. ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು ಒಮ್ಮೆ ಕೊಟ್ಟ ಮೇಲೆ 90 ದಿನ, ಹೆಂಗಸರು 120 ದಿನ ಕಾಯಬೇಕು. ಹಚ್ಚೆ ಹಾಕಿಸಿಕೊಂಡವರು ಒಂದು ವರ್ಷ ಕೊಡುವ ಹಾಗಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ಆಸೆಯಿಂದ ಬಂದವರು ಸಪ್ಪೆ ಮುಖ ಹಾಕಿಕೊಂಡು ವಾಪಸ್ ಹೋಗುತ್ತಾರೆ.

ನಮ್ಮಲ್ಲಿ ಆ ಸಲ ಹನ್ನೊಂದು ಹುಡುಗಿಯರು ಹಿಮೋಗ್ಲೋಬಿನ್ ಕಡಿಮೆ ಅಂತ ವಾಪಸ್ ಹೋದರು. ಹನ್ನೊಂದು! ಎಲ್ಲರೂ ಇಪ್ಪತ್ತರ ಆಸುಪಾಸು, ಅರ್ಧದಷ್ಟು ಗಾರ್ಮೆಂಟ್ಸ್‌ಗೆ ಬೆಳಗ್ಗೆ ಆರರ ಗಾಡಿ ಹತ್ತುವವರು, ತಿಂಡಿ ಬಿಟ್ಟು ಹೋಗುವವರು. ರಕ್ತ ಕೊಡುವುದಿರಲಿ, ಮೊದಲು ಇವರ ಮೈಯಲ್ಲಿ ರಕ್ತ ಬೇಕಲ್ಲ. ಆಮೇಲಿನ ಆರು ತಿಂಗಳು ಅದೇ ನಮ್ಮ ಕಾರ್ಯಕ್ರಮವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಕಬ್ಬಿಣದ ಮಾತ್ರೆ, ಒಬ್ಬರಿಗೊಬ್ಬರು ನೆನಪಿಸುವುದು, ಮಾತ್ರೆ ಜೊತೆ ಕಾಫಿ ಟೀ ಕುಡಿಯಬೇಡಿ ಅಂತ ಹೇಳಿಕೊಡುವುದು, ಬುತ್ತಿಗೆ ಸೊಪ್ಪಿನ ಪಲ್ಯ. ಮುಂದಿನ ವರ್ಷ ಆ ಹನ್ನೊಂದರಲ್ಲಿ ಏಳು ಜನ ರಕ್ತ ಕೊಟ್ಟರು. ಅವರ ಖುಷಿ ನೋಡಬೇಕಿತ್ತು.

ದೊಡ್ಡ ಶಿಬಿರಕ್ಕಿಂತ ಉಪಯೋಗದ್ದು ರಕ್ತದ ಗುಂಪಿನ ಪಟ್ಟಿ. ತೆಗೆದಿಟ್ಟ ರಕ್ತ ಹೆಚ್ಚೆಂದರೆ ಐದಾರು ವಾರ ಇರುತ್ತದೆ. ಹಾಗಾಗಿ ಯಾರ ಗುಂಪು ಯಾವುದು, ಕೊನೆಯ ಸಲ ಕೊಟ್ಟಿದ್ದು ಯಾವಾಗ ಅಂತ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ. ರಾತ್ರಿ ಹತ್ತು ಗಂಟೆಗೆ ಹೆರಿಗೆ ಆಸ್ಪತ್ರೆಯಿಂದ ಫೋನ್ ಬಂದಾಗ ಆ ಪುಟವೇ ಬೇಕಾಗುವುದು.

ನೆರೆ ಬಂದಾಗ

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು, ಕುಶಾಲನಗರದ ಕಡೆ ಹೊಳೆ ನೀರು ಬಡಾವಣೆಗಳಿಗೆ ನುಗ್ಗಿತು. ಕೊಡಗು ನಮ್ಮದೇ ಧರ್ಮಕ್ಷೇತ್ರ. ಎಲ್ಲರ ಹಾಗೆ ನಾವೂ ಬಟ್ಟೆ ಸೇರಿಸಿ ಒಂದು ಟೆಂಪೋ ತುಂಬಿಸಿದೆವು. ಅಲ್ಲಿ ಹೋಗಿ ನೋಡಿದರೆ ಸಭಾಂಗಣದ ಮೂಲೆಯಲ್ಲಿ ಆಗಲೇ ಆಳೆತ್ತರ ಬಟ್ಟೆ. ಹೊಲಿಯುವವಳು ನಾನು, ಬಟ್ಟೆ ಮುಟ್ಟಿದರೆ ಅದರ ಆಯಸ್ಸು ಗೊತ್ತಾಗುತ್ತದೆ. ಜಿಪ್ ಹೋದ ಪ್ಯಾಂಟು, ಕಂಕುಳಲ್ಲಿ ಹರಿದ ಕುಪ್ಪಸ, ಮಳೆ ನೀರು ಕುಡಿದು ಬೂಸ್ಟು ಹಿಡಿದ ಸ್ವೆಟರ್. ಅಲ್ಲಿದ್ದ ಸಿಸ್ಟರ್ ಮೆಲ್ಲಗೆ ಹೇಳಿದರು, "ಒಳ ಉಡುಪು ಒಂದೂ ಬಂದಿಲ್ಲ. ಪ್ಯಾಡ್ ಇಲ್ಲ. ಕೆಸರು ತೆಗೆಯಲು ಸನಿಕೆ ಇಲ್ಲ."

ಆದ್ದರಿಂದ, ಮೊದಲು ಅಲ್ಲಿರುವವರಿಗೆ ಫೋನ್ ಮಾಡಿ ಏನು ಬೇಕು ಅಂತ ಕೇಳಿ. ಸಾಧ್ಯವಾದರೆ ಸಾಮಾನಿಗಿಂತ ಕೈಗಳನ್ನು ಕಳಿಸಿ. ಮುಂದಿನ ಎರಡು ಭಾನುವಾರ 18 ಜನ ಹೋಗಿ ಮನೆಗಳ ಕೆಸರು ತೆಗೆದೆವು. ಕೆಸರು ಹಸಿ ಇರುವಾಗಲೇ ತೆಗೆಯಬೇಕು, ಒಣಗಿದರೆ ಗಾರೆಯ ಹಾಗೆ ಕಚ್ಚಿಕೊಳ್ಳುತ್ತದೆ. ಒಳಕೋಣೆಯಿಂದ ಶುರು ಮಾಡಿ ಬಾಗಿಲ ಕಡೆ ಬರಬೇಕು. ಯಾವ ವಸ್ತುವನ್ನೂ ಮನೆಯವರನ್ನು ಕೇಳದೆ ಎಸೆಯಬೇಡಿ. ಒಬ್ಬ ಹುಡುಗ ಕೆಸರಿನ ಮುದ್ದೆ ಅಂತ ಬುಟ್ಟಿಗೆ ಹಾಕಿದ್ದನ್ನು ಆ ಮನೆಯ ತಾಯಿ ಓಡಿ ಬಂದು ಎತ್ತಿಕೊಂಡರು. ತೊಳೆದಾಗ ಅದು ಮಗುವಿನ ಬೆಳ್ಳಿ ಉಡಿದಾರ. ಗಂಬೂಟು, ಗ್ಲೌಸು ಇಲ್ಲದೆ ಯಾರನ್ನೂ ಕೆಸರಿಗೆ ಇಳಿಸಬೇಡಿ, ಇಲಿಜ್ವರ ಬರುತ್ತದೆ.

ನವೆಂಬರ್

ವರ್ಷದಲ್ಲಿ ಒಂದೇ ತಿಂಗಳು ಮಾಡ್ತೀವಿ ಅನ್ನುವವರಿಗೆ ನಾನು ನವೆಂಬರ್ ಹೇಳುತ್ತೇನೆ. 2ನೇ ತಾರೀಕು ಮೃತರ ಸ್ಮರಣೆ. ಅದರ ಹಿಂದಿನ ಭಾನುವಾರ ಸಮಾಧಿ ಸ್ಥಳ ಶುಚಿ ಮಾಡಿ. ಅವರವರ ಮನೆಯವರದ್ದನ್ನು ಅವರೇ ಮಾಡಿಕೊಳ್ಳುತ್ತಾರೆ. ನೀವು ಮಾಡಬೇಕಾದದ್ದು ಯಾರೂ ಬಾರದ ಸಮಾಧಿಗಳನ್ನು. ಕಾಂಗ್ರೆಸ್ ಗಿಡ ಬರಿಗೈಯಲ್ಲಿ ಕೀಳಬೇಡಿ, ತುರಿಕೆ, ಉಬ್ಬಸ ಬರುತ್ತದೆ. ಹೂ ಬಿಡುವ ಮುಂಚೆ, ಮಳೆ ಬಂದ ಮಾರನೇ ದಿನ ಕಿತ್ತರೆ ಬೇರು ಸಮೇತ ಬರುತ್ತದೆ. ನಮ್ಮವರು ಅಳಿಸಿಹೋದ ಹೆಸರುಗಳನ್ನು ಹಳೆ ಮರಣ ರಿಜಿಸ್ಟರ್ ನೋಡಿ ಮತ್ತೆ ಬರೆದರು. ಹದಿನೇಳು ಸಮಾಧಿಗಳಿಗೆ ಹೆಸರು ವಾಪಸ್ ಬಂತು.

ಅದೇ ತಿಂಗಳು ಬಡವರ ದಿನ ಇದೆ. ಪೋಪ್ ಫ್ರಾನ್ಸಿಸ್ ಹೇಳಿದಂತೆ 2017ರಿಂದ ಆಚರಿಸುತ್ತಿದ್ದೇವೆ. ಅದರ ಮುಂದಿನ ಭಾನುವಾರವೇ ಕ್ರಿಸ್ತರಾಜರ ಹಬ್ಬ, 2021ರಿಂದ ಧರ್ಮಕ್ಷೇತ್ರಗಳಲ್ಲಿ ಯುವಜನರ ದಿನವೂ ಅವತ್ತೇ. ಎರಡನ್ನೂ ಸೇರಿಸಿಕೊಳ್ಳಿ. ಬಡವರ ದಿನ ನೀವು ಹೋಗುವ ಮನೆಗಳವರನ್ನೆಲ್ಲ ಊಟಕ್ಕೆ ಕರೆಯಿರಿ. ಪೊಟ್ಟಣ ಹಂಚಬೇಡಿ. ಎಲೆ ಹಾಕಿ ಬಡಿಸಿ, ನೀವೂ ಪಕ್ಕದಲ್ಲಿ ಕೂತು ಉಣ್ಣಿ. ಮುಂದಿನ ವಾರ ಯುವಜನರ ಪೂಜೆಯಲ್ಲಿ ಎಲ್ಲರ ಪರವಾಗಿ ಬೇಡುವ ವಿಶ್ವಾಸಿಗಳ ಪ್ರಾರ್ಥನೆಯನ್ನು ಅವತ್ತು ಕೇಳಿದ ಮಾತುಗಳಿಂದಲೇ ಬರೆಯಿರಿ, ಹೆಸರು ಹೇಳದೆ.

ಮಕ್ಕಳ ಸುರಕ್ಷೆ ಮತ್ತು ಹಣ

ಹದಿನೆಂಟರ ಒಳಗಿನವರು ಇದ್ದರೆ ಮನೆಯವರ ಸಹಿ ಇಲ್ಲದೆ ಊರು ಬಿಟ್ಟು ಕರೆದುಕೊಂಡು ಹೋಗಬೇಡಿ. ಎಲ್ಲಿ ಹೋದರೂ ಇಬ್ಬರು ದೊಡ್ಡವರು, ಅದರಲ್ಲಿ ಒಬ್ಬರು ಹೆಂಗಸು. ಯಾವ ದೊಡ್ಡವರೂ, ಅವರು ಯಾರೇ ಆಗಿರಲಿ, ಮುಚ್ಚಿದ ಕೋಣೆಯಲ್ಲಿ ಒಂದು ಮಗುವಿನ ಜೊತೆ ಒಬ್ಬರೇ ಇರುವ ಹಾಗಿಲ್ಲ. ಮಗು ಏನಾದರೂ ಕೆಟ್ಟದ್ದು ಆಯಿತು ಅಂತ ಹೇಳಿದರೆ "ಚರ್ಚಿನ ಮರ್ಯಾದೆ" ಅಂತ ಮುಚ್ಚಿಡುವುದು ಪಾಪವೂ ಹೌದು, 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಸಭಾಂಗಣದ ಗೋಡೆಗೆ ದೊಡ್ಡದಾಗಿ ಬರೆದು ಅಂಟಿಸಿ. ಸಂಜೆ ಕಾರ್ಯಕ್ರಮವಾದರೆ ಹುಡುಗಿಯರು ಮನೆ ಮುಟ್ಟಿದ ಮೇಲೆಯೇ ಸಂಘಟಕರು ಮನೆಗೆ ಹೋಗಬೇಕು. ಬೈಕಿಗೆ ಇಬ್ಬರೇ, ಇಬ್ಬರಿಗೂ ಹೆಲ್ಮೆಟ್.

ಹಣ ಕಡಿಮೆ ಇದ್ದಷ್ಟೂ ಒಳ್ಳೆಯದು. ನಾವು ತಿಂಗಳಿಗೆ ತಲಾ 20 ರೂಪಾಯಿ ಹಾಕುತ್ತೇವೆ. ಕ್ರಿಸ್ಮಸ್ ಕ್ಯಾರಲ್ಸ್‌ಗೆ ಹೋದಾಗ ಬಂದದ್ದನ್ನು ಕೊನೆಯ ಮನೆ ಮುಗಿದ ಕೂಡಲೇ ಎಲ್ಲರ ಮುಂದೆ ಎಣಿಸಿ ಬರೆಯುತ್ತೇವೆ. ತೆಗೆಯಲು ಇಬ್ಬರ ಸಹಿ. ಮೂರು ತಿಂಗಳಿಗೊಮ್ಮೆ ಲೆಕ್ಕ ಚರ್ಚಿನ ಬೋರ್ಡಿಗೆ.

ಪೂಜೆ ಯಾಕೆ, ಸೇವೆ ಸಾಕಲ್ಲ

ಹುಡುಗರು ಕೇಳುತ್ತಾರೆ. ಕೇಳಲಿ. ನಾನು ಅವರಿಗೆ ಫ್ರಸ್ಸಾತಿಯ ಕಥೆ ಹೇಳುತ್ತೇನೆ. ಪಿಯೆರ್ ಜಾರ್ಜೊ ಫ್ರಸ್ಸಾತಿ, 1901ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಹುಟ್ಟಿದವನು. ಅಪ್ಪ ದೊಡ್ಡ ಪತ್ರಿಕೆಯ ಒಡೆಯ. ಮಗನಿಗೆ ಬೆಟ್ಟ ಹತ್ತುವ ಹುಚ್ಚು. ವಿನ್ಸೆಂಟ್ ದೆ ಪೌಲ್ ಸಭೆ ಸೇರಿ ಬಡವರ ಮನೆಗಳಿಗೆ ಓಡಾಡುತ್ತಿದ್ದ, ಬಹುತೇಕ ದಿನಾ ಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುತ್ತಿದ್ದ. 1925ರ ಜುಲೈ 4ರಂದು ಪೋಲಿಯೋದಿಂದ ತೀರಿಕೊಂಡಾಗ 24 ವರ್ಷ. ಹಿಂದಿನ ದಿನ, ಕೈ ಸ್ವಾಧೀನ ತಪ್ಪುತ್ತಿದ್ದಾಗಲೂ, ಒಬ್ಬ ಬಡವನಿಗೆ ಇಂಜೆಕ್ಷನ್ ಮುಟ್ಟಿಸಲು ಗೆಳೆಯನಿಗೆ ಒಂದು ಚೀಟಿ ಗೀಚಿದ್ದ. ಮಣ್ಣಿಗೆ ಊರಿನ ಬಡವರೆಲ್ಲ ಬಂದು ಬೀದಿ ತುಂಬಿದಾಗಲೇ ಮನೆಯವರಿಗೆ ಮಗ ಎಲ್ಲಿಗೆ ಹೋಗುತ್ತಿದ್ದ ಅಂತ ತಿಳಿದದ್ದು. 2025ರ ಸೆಪ್ಟೆಂಬರ್ 7ರಂದು ಕಾರ್ಲೊ ಅಕುತಿಸ್ ಅನ್ನುವ ಹದಿಹರೆಯದ ಹುಡುಗನ ಜೊತೆ ಅವನನ್ನೂ ಸಂತನೆಂದು ಸಾರಿದರು. ಆ ಚೀಟಿ ಬರೆಯುವ ಬಲ ಅವನಿಗೆ ಬೆಳಗಿನ ಪೂಜೆಯಿಂದ ಬಂತು ಅಂತ ನಾನು ನಂಬಿದ್ದೇನೆ.

ನಮ್ಮ ಕ್ರಮ ಸರಳ. ಮನೆಗಳಿಗೆ ಹೊರಡುವ ಮುಂಚೆ ಹತ್ತು ನಿಮಿಷ ಚರ್ಚಿನೊಳಗೆ ಮೌನವಾಗಿ ಕೂರುತ್ತೇವೆ. ವಾಪಸ್ ಬಂದ ಮೇಲೆ ಜಪಸರದ ಹತ್ತು ಮಣಿ, ಒಂದೊಂದು ಮಣಿಗೂ ಹೋಗಿ ಬಂದ ಒಂದೊಂದು ಮನೆ.

ಜೋಡಿ ಬದಲಾಗುವಾಗ

ಮದುವೆಯಾಗುತ್ತದೆ, ಕೆಲಸ ಸಿಗುತ್ತದೆ, ಹುಡುಗರು ಹೋಗುತ್ತಾರೆ. ಬಳಗ ಮುರಿಯುವುದು ಇಲ್ಲೇ. ಯಾರಾದರೂ ಹೊರಡುವುದು ಗೊತ್ತಾದ ಕೂಡಲೇ ಹೊಸಬರನ್ನು ಆ ಮನೆಗೆ ಜೊತೆಯಲ್ಲಿ ಕರೆದುಕೊಂಡು ಹೋಗಬೇಕು, ಕಡಿಮೆಯೆಂದರೂ ಮೂರು ಸಲ. ಮೊದಲ ಸಲ ಹೊಸಬರು ಸುಮ್ಮನೆ ಕೂತಿರುತ್ತಾರೆ. ಎರಡನೇ ಸಲ ಹಳಬರು ಕಡಿಮೆ ಮಾತಾಡುತ್ತಾರೆ. ಮೂರನೇ ಸಲ ಹಳಬರು ಹೇಳಿಬರುತ್ತಾರೆ. ಪಿಂಚಣಿ ಅಜ್ಜಿಯ ಮನೆಗೆ ಈಗ ಹೋಗುತ್ತಿರುವುದು ಮೂರನೇ ಜೋಡಿ. ಎಲೆ ಅಡಿಕೆ ತರುವುದು ಮರೆಯಬೇಡಿ ಅಂತ ಮೊದಲ ಜೋಡಿಯ ಹುಡುಗಿ ಮಂಗಳೂರಿನಿಂದ ಇವತ್ತಿಗೂ ಮೆಸೇಜ್ ಹಾಕುತ್ತಾಳೆ. ಹುಣಸೂರಿನ ಹುಡುಗ ನಿನ್ನೆ ಮತ್ತೆ ಫೋನ್ ಮಾಡಿದ್ದ. ನೋಟ್‌ಬುಕ್ಕಿನಲ್ಲಿ 31 ಹೆಸರು ಆಗಿದೆಯಂತೆ, ಹೋಗಲು ಎರಡು ಮನೆ ಗೊತ್ತು ಮಾಡಿದ್ದಾರಂತೆ. ಶನಿವಾರ ಮೊದಲ ಭೇಟಿ.